ಟೀಚರ್‌ಗಳಿಗೆ ಉಚಿತ ಆನ್‌ಲೈನ್ ಕೋರ್ಸ್: ಯಾವುದು ಮಾಡೋದು, ಯಾವುದು ಬಿಡೋದು?

ಪ್ರಶ್ನೆ (ಗಣಿತ ಶಿಕ್ಷಕಿ, 6ರಿಂದ 8ನೇ ತರಗತಿ): ನಮಸ್ಕಾರ ಸರ್. ನಮ್ಮ ಸ್ಟಾಫ್ ಗ್ರೂಪಿಗೆ ದಿನಾ ಒಂದಲ್ಲ ಒಂದು ಉಚಿತ ಕೋರ್ಸಿನ ಲಿಂಕ್ ಬರುತ್ತದೆ. ಸೇರಿದ್ದೂ ಆಯ್ತು, ಎರಡು ವಿಡಿಯೊ ನೋಡಿ ಬಿಟ್ಟಿದ್ದೂ ಆಯ್ತು. ಕೆಲವು ಉಚಿತ ಅಂತ ಹೇಳಿ ಕೊನೆಗೆ ದುಡ್ಡು ಕೇಳುತ್ತವೆ. ಕ್ಲಾಸಿಗೆ ನಿಜವಾಗಿ ಉಪಯೋಗಕ್ಕೆ ಬರುವ ಕೋರ್ಸ್ ಆರಿಸೋದು ಹೇಗೆ? ಸರ್ಟಿಫಿಕೇಟ್ ಸಿಗದಿದ್ದರೆ ಮಾಡಿ ಏನು ಪ್ರಯೋಜನ?

ಉತ್ತರ (ಶಿಕ್ಷಕರ ತರಬೇತುದಾರ): ನಮಸ್ಕಾರ ಮೇಡಂ. ಅರ್ಧಕ್ಕೆ ಬಿಟ್ಟಿದ್ದಕ್ಕೆ ಬೇಜಾರು ಬೇಡ, ಬಹಳ ಜನ ಬಿಡುತ್ತಾರೆ. ಹಾರ್ವರ್ಡ್ ಮತ್ತು ಎಂಐಟಿಯವರು ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸ್ ತಾಣದಲ್ಲಿ ನಡೆಸಿದ ಕೋರ್ಸ್‌ಗಳ ಲೆಕ್ಕ 2019ರಲ್ಲಿ ಹೊರಬಂತು. 2017–18ರಲ್ಲಿ ಸೇರಿದವರಲ್ಲಿ ನೂರಕ್ಕೆ ಸುಮಾರು 3 ಜನ ಮಾತ್ರ ಮುಗಿಸಿದ್ದರು.

ನೀವು ಲಿಂಕ್ ನೋಡಿ ಕೋರ್ಸ್ ಆರಿಸುತ್ತಿದ್ದೀರಿ. ಅದನ್ನು ತಿರುಗಿಸಿ. ಈ ತಿಂಗಳು ಕ್ಲಾಸಿನಲ್ಲಿ ಏನು ಕೈಕೊಡುತ್ತಿದೆ ಅಂತ ಮೊದಲು ಒಂದು ಸಾಲು ಬರೆದುಕೊಳ್ಳಿ. ಉದಾಹರಣೆಗೆ, ‘ದಶಮಾಂಶ ಅರ್ಥ ಆಯ್ತಾ ಅಂದರೆ ಎಲ್ಲರೂ ಹೂಂ ಅಂತಾರೆ, ಟೆಸ್ಟ್‌ನಲ್ಲಿ ಮುಗ್ಗರಿಸುತ್ತಾರೆ.’ ಈ ಸಾಲು ಕೈಯಲ್ಲಿದ್ದರೆ ‘21ನೇ ಶತಮಾನದ ಶಿಕ್ಷಣ’ ಅನ್ನುವಂಥ ದೊಡ್ಡ ದೊಡ್ಡ ಹೆಸರಿನ ಕೋರ್ಸ್‌ಗಳೆಲ್ಲ ತಾವಾಗಿಯೇ ಪಕ್ಕಕ್ಕೆ ಹೋಗುತ್ತವೆ. ನೀವು ಹುಡುಕಬೇಕಾದ್ದು ಫಾರ್ಮೇಟಿವ್ ಅಸೆಸ್‌ಮೆಂಟ್, ಅಂದರೆ ಪಾಠ ನಡೆಯುತ್ತಿರುವಾಗಲೇ ಮಕ್ಕಳ ತಲೆಯಲ್ಲಿ ಏನಿದೆ ಅಂತ ತಿಳಿಯುವ ವಿಧಾನ.

ಈ ವಿಷಯದಲ್ಲಿ ಡಿಲನ್ ವಿಲಿಯಂ ಎಂಬ ತಜ್ಞರ ‘ಹಿಂಜ್ ಪ್ರಶ್ನೆ’ ನೋಡಿ. ಪಾಠದ ನಡುವೆ ಒಂದೇ ಪ್ರಶ್ನೆ, ಇಡೀ ಕ್ಲಾಸ್ ಒಟ್ಟಿಗೆ ಬೆರಳೆತ್ತಿ ಉತ್ತರಿಸಬೇಕು (ಮೊದಲ ಉತ್ತರಕ್ಕೆ ಒಂದು ಬೆರಳು, ಎರಡನೆಯದಕ್ಕೆ ಎರಡು, ಹೀಗೆ). 0.4, 0.75, 0.325, ಇವುಗಳಲ್ಲಿ ಯಾವುದು ದೊಡ್ಡದು? 0.325 ಅಂದ ಮಗು ಬಿಂದುವಿನ ಆಚೆ ಇರುವುದನ್ನು ಮುನ್ನೂರ ಇಪ್ಪತ್ತೈದು ಅಂತ ಓದಿದೆ. 0.4 ಅಂದ ಮಗು ಅಂಕಿ ಜಾಸ್ತಿ ಆದಷ್ಟೂ ಬೆಲೆ ಕಡಿಮೆ ಅಂದುಕೊಂಡಿದೆ. ಎರಡು ಬೇರೆ ಬೇರೆ ತಪ್ಪು, ಸರಿಮಾಡುವ ದಾರಿಯೂ ಬೇರೆ. ಅದೇ ನೀವು 0.6, 0.45, 0.325 ಅಂತ ಕೊಟ್ಟಿದ್ದರೆ? ಎರಡನೇ ಮಗು ತಪ್ಪು ಯೋಚನೆಯಿಂದಲೇ 0.6 ಅಂತ ಸರಿ ಉತ್ತರ ಕೊಟ್ಟು ತಪ್ಪಿಸಿಕೊಂಡುಬಿಡುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಇಂಥದ್ದೊಂದು ಪ್ರಶ್ನೆ ಕೋರ್ಸಿನಿಂದ ಸಿಕ್ಕಿ ಅದೇ ವಾರ ಕ್ಲಾಸಿನಲ್ಲಿ ಕೇಳಿಬಿಟ್ಟರೆ ಸಾಕು, ಉಳಿದ ಭಾಗ ಮುಗಿಸದಿದ್ದರೂ ಲಾಭವೇ.

ಈಗ ದುಡ್ಡಿನ ವಿಷಯ. ಎಡ್‌ಎಕ್ಸ್, ಫ್ಯೂಚರ್‌ಲರ್ನ್‌ನಲ್ಲಿ ಬಹಳಷ್ಟು ಕೋರ್ಸ್‌ಗಳನ್ನು ಪುಕ್ಕಟೆ ನೋಡಬಹುದು, ಆದರೆ ಗಡುವು ಇರುತ್ತದೆ, ಸರ್ಟಿಫಿಕೇಟಿಗೆ ದುಡ್ಡು ಕೊಡಬೇಕು. ಕೋರ್ಸೆರಾದಲ್ಲಿ ಕೆಲವು ಪೂರ್ತಿ ತೆರೆದಿರುತ್ತವೆ, ಕೆಲವು ಮೊದಲ ಭಾಗ ಮಾತ್ರ. ಫೀಸಿಗೆ ನೆರವು ಕೇಳಿ ಅಲ್ಲಿ ಅರ್ಜಿ ಹಾಕಬಹುದು. ‘ಫ್ರೀ ಟ್ರಯಲ್’ ಅಂತ ಕಾರ್ಡ್ ನಂಬರ್ ಕೇಳಿದರೆ ಅದು ಉಚಿತ ಅಲ್ಲ, ಅಲ್ಲೇ ಹುಷಾರಾಗಿ. ಕಾಗದ ಬೇಕೇ ಬೇಕು ಅಂದರೆ ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ ಓಪನ್‌ಲರ್ನ್ ನೋಡಿ. 2006ರಿಂದ ನಡೆಯುತ್ತಿದೆ, ಪೂರ್ತಿ ಮುಗಿಸಿದರೆ ಭಾಗವಹಿಸಿದ್ದಕ್ಕೆ ಪತ್ರವನ್ನೂ ಉಚಿತವಾಗಿ ಕೊಡುತ್ತಾರೆ. ಮೈಕ್ರೋಸಾಫ್ಟ್, ಗೂಗಲ್‌ನವರ ಉಚಿತ ಪಾಠಗಳು ಹೆಚ್ಚಾಗಿ ಅವರವರ ಆ್ಯಪ್ ಬಳಸೋದನ್ನೇ ಕಲಿಸುತ್ತವೆ. ಅದೂ ಬೇಕು, ಆದರೆ ಪಾಠ ಮಾಡೋದೇ ಬೇರೆ ವಿದ್ಯೆ.

ಬಡ್ತಿಗೋ ತರಬೇತಿ ಗಂಟೆಗಳ ಲೆಕ್ಕಕ್ಕೋ ಸರ್ಟಿಫಿಕೇಟ್ ಬೇಕಿದ್ದರೆ, ಸೇರುವ ಮೊದಲೇ ಶಾಲೆಯಲ್ಲಿ ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಮುಗಿಸಿದ ಮೇಲೆ ಕೇಳಿದರೆ ‘ಇದು ನಡೆಯಲ್ಲ’ ಅನ್ನೋದು ಸುಲಭ.

ಪ್ರಶ್ನೆ (ಸಮಾಜ ವಿಜ್ಞಾನ ಶಿಕ್ಷಕ): ಸರ್, ಇವೆಲ್ಲ ಇಂಗ್ಲಿಷ್‌ನಲ್ಲೇ ಇರುತ್ತವಲ್ಲ. ಅವರು ಮಾತಾಡುವ ಸ್ಪೀಡಿಗೆ ತಲೆ ಸುತ್ತುತ್ತದೆ.

ಉತ್ತರ: ವಿಡಿಯೊ ಬಿಡಿ, ಓದಿ. ಬಹುತೇಕ ಕಡೆ ವಿಡಿಯೊ ಪಕ್ಕ ಅಥವಾ ಕೆಳಗೆ ಪೂರ್ತಿ ಮಾತಿನ ಬರಹ ಇರುತ್ತದೆ. ಓಪನ್‌ಲರ್ನ್ ಅಂತೂ ಹೆಚ್ಚು ಓದುವ ಪಾಠಗಳೇ. ಕೇಳಲೇಬೇಕು ಅಂದರೆ ವೇಗ 0.75ಕ್ಕೆ ಇಳಿಸಿ ಸಬ್‌ಟೈಟಲ್ ಹಾಕಿಕೊಳ್ಳಿ. ಬರಹವನ್ನು ಅನುವಾದದ ಆ್ಯಪಿಗೆ ಹಾಕಿದರೆ ಕನ್ನಡ ಸ್ವಲ್ಪ ಒಡ್ಡೊಡ್ಡಾಗಿ ಬಂದರೂ ವಿಷಯ ಸಿಗುತ್ತದೆ.

ಪ್ರಶ್ನೆ (ಮುಖ್ಯ ಶಿಕ್ಷಕಿ): ನಮ್ಮ ಎಲ್ಲ ಶಿಕ್ಷಕರಿಗೂ ಒಂದೇ ಕೋರ್ಸ್ ಕಡ್ಡಾಯ ಮಾಡೋಣ ಅಂತಿದ್ದೇನೆ. ಸರಿನಾ?

ಉತ್ತರ: ಬೇಡ ಮೇಡಂ. ಸುಮ್ನೆ ವಿಡಿಯೊ ಓಡಲು ಬಿಟ್ಟು ಪೇಪರ್ ತಿದ್ದುತ್ತಾ ಕೂರುತ್ತಾರೆ, ತಪ್ಪೇನೂ ಅವರದಲ್ಲ. ಅಮೆರಿಕದ ಲರ್ನಿಂಗ್ ಪಾಲಿಸಿ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾ ಸಂಸ್ಥೆ 2017ರಲ್ಲಿ ಶಿಕ್ಷಕರ ತರಬೇತಿಯ 35 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಫಲ ಕೊಟ್ಟ ತರಬೇತಿಗಳಲ್ಲಿ ಮತ್ತೆ ಮತ್ತೆ ಕಂಡದ್ದು ಇಷ್ಟು: ಪಾಠದ ವಿಷಯಕ್ಕೇ ಅಂಟಿಕೊಂಡಿರುವುದು, ಮಾಡಿ ಕಲಿಯುವುದು, ಜೊತೆಯವರೊಡನೆ ಸೇರಿ ಕೆಲಸ ಮಾಡುವುದು, ಮಾಡಿದ್ದನ್ನು ನೋಡಿ ಹೇಳುವವರು ಇರುವುದು, ಒಂದೆರಡು ದಿನಕ್ಕೇ ಮುಗಿಯದಿರುವುದು. ಒಂಟಿಯಾಗಿ ಮೊಬೈಲ್ ನೋಡಿದರೆ ಇದರಲ್ಲಿ ಬಹಳಷ್ಟು ಆಗಲ್ಲ ಅಲ್ವಾ? ಒಂದೇ ವಿಷಯದ ಇಬ್ಬರು ಮೂವರು ಸೇರಿ ತಮಗೆ ಬೇಕಾದ ಕೋರ್ಸ್ ಆರಿಸಲಿ. ಒಬ್ಬರ ಕ್ಲಾಸಿಗೆ ಇನ್ನೊಬ್ಬರು ಹೋಗಿ ಕೂರಲು ಟೈಮ್‌ಟೇಬಲ್‌ನಲ್ಲಿ ಒಂದು ಪೀರಿಯಡ್ ನೀವು ಬಿಡುವು ಮಾಡಿಕೊಡಿ. ಅಷ್ಟು ಮಾಡೋಕೆ ನಿಮ್ಮಿಂದ ಮಾತ್ರ ಸಾಧ್ಯ.

ಪ್ರಶ್ನೆ (ಮೊದಲು ಕೇಳಿದ ಗಣಿತ ಶಿಕ್ಷಕಿ): ಥ್ಯಾಂಕ್ಸ್ ಸರ್. ಒಂದು ಕೊನೆ ಡೌಟ್. ನಾನು ಸೇರಿರುವ ಕೋರ್ಸಿನಲ್ಲಿ ಮಕ್ಕಳನ್ನು ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಅಂತ ಮೂರು ಗುಂಪು ಮಾಡಿ ಅಂತ ಇದೆ. ಮಾಡಲಾ?

ಉತ್ತರ: ಮಾಡಬೇಡಿ. ಈ ‘ಲರ್ನಿಂಗ್ ಸ್ಟೈಲ್’ ಕಥೆಗೆ ಸರಿಯಾದ ಆಧಾರ ಇಲ್ಲ ಅಂತ 2008ರಲ್ಲೇ ಮನೋವಿಜ್ಞಾನಿಗಳು ಸಂಶೋಧನೆಗಳನ್ನೆಲ್ಲ ಜಾಲಾಡಿ ಹೇಳಿದ್ದಾರೆ. ಚಿತ್ರ ಬೇಕಾದ ಪಾಠಕ್ಕೆ ಎಲ್ಲ ಮಕ್ಕಳಿಗೂ ಚಿತ್ರ ಬೇಕು, ಅಷ್ಟೇ. ಆ ಕೋರ್ಸಿನಲ್ಲಿ ಪ್ರಶ್ನೆ ಕೇಳುವುದರ ಬಗ್ಗೆ ಏನಾದರೂ ಭಾಗ ಇದ್ದರೆ ಅದನ್ನು ಮಾತ್ರ ನೋಡಿ, ಆಮೇಲೆ ಹೊರಗೆ ಬನ್ನಿ.