ತಮ್ಮನಿಗೆ ಫ್ರೀಸ್ಟೈಲ್ ಸ್ಕೀಯಿಂಗ್ ಹುಚ್ಚು: ಪ್ರೊ ಆಗೋರಿಗೂ ನಮ್ಮಂಥವರಿಗೂ ವ್ಯತ್ಯಾಸ ಎಲ್ಲಿದೆ?

ಉಡುಪಿಯಿಂದ, ಪ್ರಶ್ನೆ ಕೇಳಿದವರು:

ನನ್ನ ತಮ್ಮನಿಗೆ 19 ವರ್ಷ. ಚಿಕ್ಕಂದಿನಿಂದ ರೋಲರ್ ಸ್ಕೇಟಿಂಗ್ ಮಾಡಿದವನು. ಮೂರು ಚಳಿಗಾಲ ಗುಲ್ಮಾರ್ಗ್‌ಗೆ ಹೋಗಿ ಸ್ಕೀಯಿಂಗ್ ಕಲಿತ. ಈಗ ಸಣ್ಣ ಜಂಪ್‌ನಲ್ಲಿ 360, ಅಂದರೆ ಗಾಳಿಯಲ್ಲಿ ಒಂದು ಪೂರ್ತಿ ಸುತ್ತು, ತಿರುಗಿ ಇಳಿಯುತ್ತಾನೆ. ವಿಡಿಯೋ ನೋಡಿದವರೆಲ್ಲ ಪ್ರೊ ಥರಾನೇ ಇದೆ ಅಂತಾರೆ. ಅವನಿಗೆ ಈ ಫ್ರೀಸ್ಟೈಲ್‌ನಲ್ಲೇ, ಅಂದರೆ ಹಿಮದಲ್ಲಿ ಹಾರಿ ಕಸರತ್ತು ಮಾಡುವ ಸ್ಕೀಯಿಂಗ್‌ನಲ್ಲೇ, ಮುಂದುವರಿಯುವ ಆಸೆ. ಅಪ್ಪ ಅಮ್ಮನಿಗೆ ಏನು ಹೇಳಬೇಕೋ ನನಗೆ ತಿಳಿಯುತ್ತಿಲ್ಲ. ಚೆನ್ನಾಗಿ ಮಾಡುವ ಹವ್ಯಾಸಿಗೂ ನಿಜವಾದ ಪ್ರೊಗೂ ನಡುವೆ ಇರುವುದೇನು? ಹತ್ತಿರದಿಂದ ನೋಡಿದವರು ಬರೆಯಿರಿ. ಬೇರೆ ಆಟದಲ್ಲಿ ಇಂಥದ್ದು ಕಂಡವರೂ ಬರೆಯಿರಿ.

ಸುರತ್ಕಲ್‌ನಿಂದ:

ಕೆಲಸದ ಮೇಲೆ ಆರು ವರ್ಷ ಅಮೆರಿಕದ ಯೂಟಾದಲ್ಲಿದ್ದೆ. ಚಳಿಗಾಲದಲ್ಲಿ ರಜೆ ಸಿಕ್ಕಾಗಲೆಲ್ಲ ಸ್ಕೀ. ನಾನೂ 360 ಹೊಡೆಯುತ್ತಿದ್ದೆ, ನಿಮ್ಮ ತಮ್ಮನ ಖುಷಿ ನನಗೆ ಗೊತ್ತು. ಆದರೆ ಈ ವ್ಯತ್ಯಾಸ ನನಗೆ ಕಂಡಿದ್ದು ಹಿಮದಲ್ಲಿ ಅಲ್ಲ, ಜುಲೈ ಬಿಸಿಲಿನಲ್ಲಿ. ಪಾರ್ಕ್ ಸಿಟಿಯ ಒಲಿಂಪಿಕ್ ಪಾರ್ಕ್‌ನಲ್ಲಿ ಒಂದು ದೊಡ್ಡ ಕೊಳ ಇದೆ. ಅದಕ್ಕೆ ಪ್ಲಾಸ್ಟಿಕ್ ಹೊದಿಸಿದ ಇಳಿಜಾರು. ಮಕ್ಕಳು ಸ್ಕೀ, ಬೂಟು, ಹೆಲ್ಮೆಟ್ ಎಲ್ಲ ಹಾಕಿಕೊಂಡು ಜಾರಿ ಬಂದು ಹಾರುತ್ತಾರೆ, ಪಲ್ಟಿ ಹೊಡೆದು ನೀರಿಗೆ ಬೀಳುತ್ತಾರೆ. ಪೆಟ್ಟಾಗದಿರಲಿ ಅಂತ ಕೆಳಗಿನಿಂದ ಗಾಳಿಗುಳ್ಳೆ ಬಿಟ್ಟು ನೀರನ್ನು ಮೆದು ಮಾಡುತ್ತಾರೆ. ಅವತ್ತು ಒಬ್ಬಳು ಹುಡುಗಿ ಒಂದೇ ಪಲ್ಟಿಯನ್ನು ಮತ್ತೆ ಮತ್ತೆ ಮಾಡುತ್ತಿದ್ದಳು. ನನ್ನ ಕಣ್ಣಿಗೆ ಎಲ್ಲವೂ ಸರಿಯಾಗೇ ಇದ್ದವು. ಕೋಚ್ ಮಾತ್ರ ಪ್ರತಿ ಸಲ ಒಂದೇ ಮಾತು: "ಬೇಗ ತಿರುಗಿದೆ." ಅವಳು ತಲೆ ಆಡಿಸಿ, ನೀರು ಸುರಿಯುವ ಬೂಟಿನಲ್ಲೇ ಮೆಟ್ಟಿಲು ಹತ್ತುತ್ತಿದ್ದಳು.

ಆ ಮಾತಿನ ಅರ್ಥ ನನಗೆ ಆಮೇಲೆ ಹೊಳೆಯಿತು. ಗಾಳಿಗೆ ಹೋದ ಮೇಲೆ ಹೊಸದಾಗಿ ತಿರುಗುವ ಬಲ ಹುಟ್ಟುವುದಿಲ್ಲ. ಕಾಲೂರಿ ತಳ್ಳಲು ಅಲ್ಲಿ ಏನೂ ಇಲ್ಲ, ಅಲ್ವಾ? ಜಂಪ್‌ನ ತುದಿಯಲ್ಲಿ ಎಷ್ಟು ತಗೊಂಡಿರೋ ಅಷ್ಟೇ. ಮೈ ಮುದುಡಿದರೆ ವೇಗ ಹೆಚ್ಚುತ್ತದೆ, ಬಿಚ್ಚಿದರೆ ತಗ್ಗುತ್ತದೆ. ನಾವು ಹೆದರಿಕೆಗೆ ತುದಿ ಬರುವ ಮೊದಲೇ ಭುಜ ತಿರುಗಿಸಿಬಿಡುತ್ತೇವೆ. ಸ್ಕೀ ಓರೆಯಾಗುತ್ತದೆ, ಮೈ ವಾಲುತ್ತದೆ, ಇಳಿಯುವಾಗ ಕೈ ಬೀಸಿ ಹೇಗೋ ಉಳಿದುಕೊಳ್ಳುತ್ತೇವೆ. ಪ್ರೊ ಆದವರು ಕೊನೇ ಗೇಣಿನವರೆಗೂ ಸುಮ್ನೆ ನಿಂತಿರುತ್ತಾರೆ. ತುದಿಯಲ್ಲಿ ಒಂದೇ ಒಂದು ಎಳೆತ. ಆಮೇಲೆ ಗಾಳಿಯಲ್ಲಿ ಅವರಿಗೆ ಸ್ಕೀ ಹಿಡಿದುಕೊಳ್ಳಲು, ಇಳಿಯುವ ಜಾಗ ನೋಡಲು ಪುರುಸೊತ್ತು ಇರುತ್ತದೆ. ತಮ್ಮನ ವಿಡಿಯೋವನ್ನು ನಿಧಾನ ಮಾಡಿ, ಹಾರುವ ಮುಂಚಿನ ಅರ್ಧ ಸೆಕೆಂಡು ಮಾತ್ರ ನೋಡಿ.

ಕಿನ್ನಿಗೋಳಿಯಿಂದ:

ಸ್ಕೀ ನಾನು ಟೀವಿಯಲ್ಲಷ್ಟೇ ನೋಡಿದ್ದು. ಯಕ್ಷಗಾನದಲ್ಲಿ ಹಾರಿ ಸುತ್ತುವ ದಿಗಿಣದ ವಿಷಯ ಹೇಳಬಲ್ಲೆ. ಹವ್ಯಾಸಿ ಸಂಘದಲ್ಲಿ ವರ್ಷಕ್ಕೆ ಮೂರ್ನಾಲ್ಕು ವೇಷ ಮಾಡುತ್ತೇನೆ. ಒಳ್ಳೆ ಚಪ್ಪಾಳೆಯೂ ಬೀಳುತ್ತದೆ. ಒಮ್ಮೆ ವೃತ್ತಿಪರ ಮೇಳವೊಂದರಲ್ಲಿ ಪುಂಡುವೇಷದವರಿಗೆ (ತರುಣ ವೀರರ ಪಾತ್ರ ಮಾಡುವವರು) ಜ್ವರ ಬಂತು ಅಂತ ಬದಲಿಗೆ ಹೋದೆ. ಸಾಲಾಗಿ ನಾಲ್ಕು ರಾತ್ರಿ. ಮೂರನೇ ರಾತ್ರಿಗೆ ನನ್ನ ದಿಗಿಣ ಚೆಂಡೆಗೆ ಸಿಗಲೇ ಇಲ್ಲ. ಹಾರುವುದು ಮೊದಲಿನಷ್ಟೇ ಎತ್ತರ, ಆದರೆ ಪಾದ ನೆಲ ಮುಟ್ಟುವುದು ಪೆಟ್ಟು ಬಿದ್ದ ಮೇಲೆ. ಪಕ್ಕದಲ್ಲಿದ್ದವರು ನವೆಂಬರ್‌ನಿಂದ ಪತ್ತನಾಜೆವರೆಗೆ, ಅಂದರೆ ಮೇ ಕೊನೆಯವರೆಗೆ, ಕುಣಿಯುವವರು. ಇವತ್ತು ಗದ್ದೆಯ ಮಣ್ಣು, ನಾಳೆ ಶಾಲೆ ಮೈದಾನ, ನಾಡಿದ್ದು ಕಟ್ಟಿದ ವೇದಿಕೆ. ನಿದ್ದೆ ಅರ್ಧಂಬರ್ಧ. ಆದರೂ ಪಾದ ಪೆಟ್ಟಿನ ಮೇಲೆಯೇ. ನನ್ನ ಅತ್ಯುತ್ತಮ ದಿನ ಅವರಿಗೆ ಮಾಮೂಲಿ ದಿನ. ಹಾಗಾಗಿ ತಮ್ಮನ ಒಳ್ಳೆ ವಿಡಿಯೋ ಬೇಡ, ಹತ್ತರಲ್ಲಿ ಅತಿ ಕೆಟ್ಟದ್ದು ಹೇಗಿದೆ ಅಂತ ನೋಡಿ. ಹಿಮ ಗಟ್ಟಿಯಾದ ದಿನ, ಗಾಳಿ ಬೀಸುವ ದಿನ, ಸುಸ್ತಾದ ದಿನ.

ಮೂಲ್ಕಿಯಿಂದ:

ನಾನು ಸರ್ಫಿಂಗ್ ಮಾಡುವವ. ನಮ್ಮಲ್ಲೂ ಎಲ್ಲರಿಗೂ ಒಂದು ಇಷ್ಟದ ಬದಿ ಇರುತ್ತದೆ, ಹವ್ಯಾಸಿಗಳು ಜೀವನಪೂರ್ತಿ ಅದೇ ಬದಿಯಲ್ಲಿ ಆಡುತ್ತಾರೆ. ಸ್ಲೋಪ್‌ಸ್ಟೈಲ್ (ಕಂಬಿ, ಜಂಪ್‌ಗಳಿರುವ ಇಳಿಜಾರು), ಹಾಫ್‌ಪೈಪ್ (ಅರ್ಧ ಕೊಳವೆಯಂಥ ಹಿಮದ ಕಾಲುವೆ) ಸ್ಪರ್ಧೆಗಳಲ್ಲಿ ಅದು ನಡೆಯುವುದಿಲ್ಲ. ಎಡಕ್ಕೂ ಬಲಕ್ಕೂ ತಿರುಗಬೇಕು. ಹಿಮ್ಮುಖವಾಗಿ ಜಾರಿ ಬಂದು ಮತ್ತೆ ಎಡಕ್ಕೂ ಬಲಕ್ಕೂ. ಒಂದೇ ಸುತ್ತು ನಾಲ್ಕು ಬೇರೆ ಬೇರೆ ಪಾಠ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಬಿಗ್ ಏರ್, ಅಂದರೆ ಒಂದೇ ದೊಡ್ಡ ಜಂಪ್‌ನ ಸ್ಪರ್ಧೆಯ ಫೈನಲ್ ನೆನಪಿದೆಯಾ? ಚೀನಾ ಪರ ಆಡಿದ 18 ವರ್ಷದ ಐಲೀನ್ ಗೂ (Eileen Gu) ಕೊನೇ ಸರದಿಯಲ್ಲಿ 1620 ಹೊಡೆದು ಚಿನ್ನ ಗೆದ್ದರು. ನಾಲ್ಕೂವರೆ ಸುತ್ತು! ಸ್ಪರ್ಧೆಯಲ್ಲಿ ಅದನ್ನು ಅವರು ಹಿಂದೆಂದೂ ಮಾಡಿರಲಿಲ್ಲ. ನೋಡುವವರಿಗೆ ಅದು ಬರೀ ಧೈರ್ಯ. ಆದರೆ ಕೆಳಗಿನ ಮೆಟ್ಟಿಲು ಒಂದೊಂದೂ ಗಟ್ಟಿ ಇಲ್ಲದಿದ್ದರೆ ಆ ಧೈರ್ಯ ಬರುವುದಿಲ್ಲ.

ಮಣಿಪಾಲದಿಂದ:

ಫಿಸಿಯೋಥೆರಪಿಸ್ಟ್ ಆಗಿ ಒಂದೇ ಮಾತು. ಮೊಣಕಾಲು. ಈ ಆಟದಲ್ಲಿ ಅದರ ಲಿಗಮೆಂಟ್ ಹರಿಯುವುದು ಜಾಸ್ತಿ, ಮತ್ತೆ ಹಿಮಕ್ಕೆ ಇಳಿಯಲು ತಿಂಗಳುಗಟ್ಟಲೆ ಬೇಕು. ಪ್ರೊಗಳು ಹಾರುವುದಕ್ಕಿಂತ ಇಳಿಯುವುದಕ್ಕೆ ದೇಹ ಕಟ್ಟುತ್ತಾರೆ: ತೊಡೆ, ಸೊಂಟ, ಒಂಟಿ ಕಾಲಿನ ಹಿಡಿತ. ತಮ್ಮನಿಗೆ ಒಂದು ಮೆಟ್ಟಿಲ ಎತ್ತರದಿಂದ ಒಂದೇ ಕಾಲಿಗೆ ಹಾರಿ ನಿಲ್ಲಲು ಹೇಳಿ. ಮೊಣಕಾಲು ಒಳಕ್ಕೆ ವಾಲಿದರೆ 720 ಈಗಲೇ ಬೇಡ. ಇನ್ನೊಂದು, ಕೆನಡಾದ ಸಾರಾ ಬರ್ಕ್ ಹಾಫ್‌ಪೈಪನ್ನು ಒಲಿಂಪಿಕ್ಸ್‌ಗೆ ಸೇರಿಸಲು ವರ್ಷಗಟ್ಟಲೆ ಶ್ರಮಿಸಿದವರು. 2012ರ ಜನವರಿಯಲ್ಲಿ ಅಭ್ಯಾಸದಲ್ಲಿ ಬಿದ್ದು ತೀರಿಹೋದರು. 2014ರಲ್ಲಿ ಸೋಚಿ ಒಲಿಂಪಿಕ್ಸ್‌ನಲ್ಲಿ ಆ ಸ್ಪರ್ಧೆ ನಡೆದಾಗ ಅವರಿರಲಿಲ್ಲ. ಹೆದರಿಸಲು ಹೇಳುತ್ತಿಲ್ಲ. ಅಪ್ಪ ಅಮ್ಮನ ಹತ್ತಿರ ಮಾತಾಡುವಾಗ ಇದನ್ನು ಮುಚ್ಚಿಡಬೇಡಿ.

ಕದ್ರಿಯಿಂದ:

ವಯಸ್ಸಿನ ಬಗ್ಗೆ ಯಾರೂ ಬರೆಯಲಿಲ್ಲ. ಸ್ಲೋಪ್‌ಸ್ಟೈಲ್‌ನ ದೊಡ್ಡ ಹೆಸರುಗಳಲ್ಲಿ ಹೆಚ್ಚಿನವರು ತೀರಾ ಚಿಕ್ಕ ವಯಸ್ಸಿನಲ್ಲೇ ಸ್ಕೀ ಹತ್ತಿದವರು. ಆದರೆ ಏರಿಯಲ್ಸ್, ಅಂದರೆ ಬರೀ ಪಲ್ಟಿಯ ವಿಭಾಗ, ಬೇರೆ. ಆಸ್ಟ್ರೇಲಿಯಾದ ಅಲೀಸಾ ಕ್ಯಾಂಪ್ಲಿನ್ ಜಿಮ್ನಾಸ್ಟ್ ಆಗಿದ್ದವರು, ಹದಿಹರೆಯದ ಕೊನೆಯಲ್ಲಿ ಸ್ಕೀ ಶುರು ಮಾಡಿ 2002ರಲ್ಲಿ ಒಲಿಂಪಿಕ್ ಚಿನ್ನ ಗೆದ್ದರು. ಹಾಗಾಗಿ 19 ತಡವಾಯಿತು ಅಂತ ಬಾಗಿಲು ಮುಚ್ಚಬೇಡಿ, ಯಾವ ವಿಭಾಗ ಅಂತ ಮೊದಲು ನಿರ್ಧರಿಸಿ. ಹಾರಾಟದ ಹುಚ್ಚಿನಲ್ಲಿ ಸಾದಾ ಸ್ಕೀಯಿಂಗ್ ಮರೆಯುವುದೂ ಬೇಡ. ಹಿಮದ ಉಬ್ಬುಗಳ ನಡುವೆ ಇಳಿಯುವ ಮೊಗಲ್ಸ್‌ ವಿಭಾಗದಲ್ಲಿ 100ಕ್ಕೆ 60 ಅಂಕ ತಿರುವುಗಳಿಗೇ, ಹಾರಾಟಕ್ಕೆ 20, ವೇಗಕ್ಕೆ 20.

ಇನ್ನು ಖರ್ಚು. ಗುಲ್ಮಾರ್ಗ್‌ನಲ್ಲಿ ಹಿಮ ಸಿಗುವುದು ಕೆಲವೇ ತಿಂಗಳು. ಪ್ರೊಗಳು ನಮ್ಮ ಮಳೆಗಾಲದಲ್ಲಿ ನ್ಯೂಜಿಲೆಂಡ್‌ಗೆ ಹೋಗಿ ಅಲ್ಲಿನ ಚಳಿಗಾಲ ಬಳಸಿಕೊಳ್ಳುತ್ತಾರೆ. ಅಷ್ಟು ದುಡ್ಡು ಎಲ್ಲಿಂದ ಅಂತ ಈಗಲೇ ಕೂತು ಲೆಕ್ಕ ಹಾಕಿ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕ್ರಾಸ್ ಕಂಟ್ರಿ (ಹಿಮದಲ್ಲಿ ದೂರ ಸಾಗುವ) ಸ್ಕೀಯಿಂಗ್‌ನಲ್ಲಿ ದೇಶದ ಮಟ್ಟಕ್ಕೆ ಏರಿದ್ದಾರೆ. ಹಿಮವೇ ಬೀಳದ ಊರಿನಿಂದ ಹೋದವರು.

ಪ್ರಶ್ನೆ ಕೇಳಿದವರು, ಎರಡು ದಿನದ ನಂತರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಅವನೂ ನಾನೂ ಕೂತು ಹತ್ತು ವಿಡಿಯೋ ನಿಧಾನ ಮಾಡಿ ನೋಡಿದೆವು. ಏಳರಲ್ಲಿ ಭುಜ ಮೊದಲೇ ತಿರುಗಿದೆ. ಹತ್ತೂ ಎಡಕ್ಕೇ. ಅವನು ಮಾತಾಡಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಅಂಗಳದಲ್ಲಿ ಕಲ್ಲಿನ ಮೆಟ್ಟಿಲಿನಿಂದ ಒಂಟಿ ಕಾಲಿಗೆ ಹಾರುತ್ತಿದ್ದ, ಅಮ್ಮ ಬಾಗಿಲಲ್ಲಿ ನಿಂತು ಎಣಿಸುತ್ತಿದ್ದರು. ಉಡುಪಿ, ಮಂಗಳೂರು ಸುತ್ತಮುತ್ತ ಟ್ರ್ಯಾಂಪೊಲಿನ್ ಮೇಲೆ ಪಲ್ಟಿ ಸರಿಯಾಗಿ ಕಲಿಸುವ ಜಿಮ್ನಾಸ್ಟಿಕ್ಸ್ ಕೋಚ್ ಯಾರಾದರೂ ಇದ್ದರೆ ತಿಳಿಸಿ. ಸಂಜೆ ಆರರ ಮೇಲೆ ಆದರೆ ಒಳ್ಳೆಯದು, ಅವನಿಗೆ ಕಾಲೇಜು ಇದೆ.