ಹೊಸ ಫೋನ್ ಬಂದಿದೆ, ಹಳೆಯದನ್ನು ಯಾವಾಗ ಕೊಡಲಿ?

ಕಾಫಿಪುಡಿ: ಆರು ವರ್ಷ ಬಳಸಿದ ಆಂಡ್ರಾಯ್ಡ್ ಫೋನ್ ಸಾಕಾಗಿ ಹೊಸದು ತೆಗೆದುಕೊಂಡೆ. ಇದೂ ಆಂಡ್ರಾಯ್ಡೇ, ಕಂಪನಿ ಬೇರೆ. ಭಾನುವಾರ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಅಂಗಡಿಗೆ ಕೊಡಬೇಕು. ಸಿಮ್ ಇನ್ನೂ ಹಾಕಿಲ್ಲ, ವಾಟ್ಸಾಪ್ ಮುಟ್ಟಿಲ್ಲ, ಭಯ. ಇದನ್ನು ಆಫ್ ಮಾಡೋಕೂ ಬರ್ತಿಲ್ಲ, ಪಕ್ಕದ ಗುಂಡಿ ಒತ್ತಿ ಹಿಡಿದರೆ ಯಾರೋ ಮಾತಾಡುತ್ತಾರೆ! ಫೋನ್ ಬದಲಿಸಿದಾಗ ನಿಮಗೆಲ್ಲ ಏನೇನು ಪೇಚಾಟ ಆಯಿತು, ಹೇಳಿ.

ರಾತ್ರಿಪಾಳಿ: ಆ ಮಾತಾಡುವುದು ಅಸಿಸ್ಟೆಂಟ್, ಬಾಯಲ್ಲಿ ಹೇಳಿದ ಕೆಲಸ ಮಾಡಿಕೊಡುವುದು. ನನ್ನದರಲ್ಲಿ ವಾಲ್ಯೂಮ್ ಜಾಸ್ತಿ ಮಾಡುವ ಗುಂಡಿ, ಪವರ್ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಿದರೆ ಆಫ್ ಮಾಡುವುದು ಬರುತ್ತದೆ. ಕೆಲವು ಕಂಪನಿಯವರು ವಾಲ್ಯೂಮ್ ಕಡಿಮೆ ಮಾಡುವ ಗುಂಡಿ ಇಟ್ಟಿದ್ದಾರೆ. ತಪ್ಪಾಗಿ ಒತ್ತಿದರೆ ಸ್ಕ್ರೀನ್‌ಶಾಟ್ ಬೀಳುತ್ತದೆ ಅಷ್ಟೇ, ನನ್ನ ಗ್ಯಾಲರಿ ತುಂಬ ಮೊದಲ ವಾರದ ಸ್ಕ್ರೀನ್‌ಶಾಟ್‌ಗಳೇ. ಸೆಟ್ಟಿಂಗ್ಸ್‌ನಲ್ಲಿ ಪವರ್ ಗುಂಡಿಯ ಕೆಲಸವನ್ನೇ ಬದಲಿಸಬಹುದು. ಹಾಗೇ ಕೆಳಗಿನ ಮೂರು ಗುಂಡಿ ಕಾಣದೆ ಕಷ್ಟವಾದರೆ ನ್ಯಾವಿಗೇಶನ್ ಅಂತ ಹುಡುಕಿ, ಅವನ್ನು ವಾಪಸ್ ತರಬಹುದು. ಗುಂಡಿಯಿಲ್ಲದೆ ಬೆರಳು ಸರಿಸುವುದನ್ನೇ ಕಲಿಯಿರಿ ಅಂತ ಮಕ್ಕಳು ಹೇಳುತ್ತಾರೆ, ಕೇಳಬೇಡಿ.

ಮೇಷ್ಟ್ರು: ಮೇಡಂ, ಭಾನುವಾರ ಕೊಡಬೇಡಿ. ಒಂದು ವಾರವಾದರೂ ಎರಡೂ ಫೋನ್ ಮನೆಯಲ್ಲಿರಲಿ. ನಾನು ಅವಸರ ಮಾಡಿ, ಹೊಸ ಫೋನಿನಲ್ಲಿ ವಾಟ್ಸಾಪ್ ಹಾಕುವಾಗ ಕೇಳಿದ್ದಕ್ಕೆಲ್ಲ ಸ್ಕಿಪ್ ಒತ್ತಿ, ಹಳೆಯದನ್ನು ಅಂದೇ ಅಂಗಡಿಗೆ ಕೊಟ್ಟೆ. ನಾಲ್ಕು ವರ್ಷದ ಮಾತುಕತೆ ಹೋಯಿತು. ತೀರಿಕೊಂಡ ಅಣ್ಣ ಕಳಿಸಿದ್ದ ವಾಯ್ಸ್ ಮೆಸೇಜ್‌ಗಳೂ ಅದರಲ್ಲೇ ಇದ್ದವು. ಹಳೆಯದರಲ್ಲಿ ಸೆಟ್ಟಿಂಗ್ಸ್, ಚಾಟ್ಸ್, ಟ್ರಾನ್ಸ್‌ಫರ್ ಚಾಟ್ಸ್ ಅಂತ ಹೋಗಿ. ಹೊಸದರಲ್ಲಿ ನಂಬರ್ ಹಾಕಿದ ಮೇಲೆ ಕ್ಯೂಆರ್ ಕೋಡ್ ತೋರಿಸುತ್ತದೆ, ಅದನ್ನು ಹಳೆಯದರಿಂದ ಸ್ಕ್ಯಾನ್ ಮಾಡಿದರೆ ನೇರವಾಗಿ ಈ ಫೋನಿನಿಂದ ಆ ಫೋನಿಗೆ ಹೋಗುತ್ತದೆ. ವಾಟ್ಸಾಪ್‌ಗೆ ಗೂಗಲ್ ಡ್ರೈವ್ ಬ್ಯಾಕಪ್ ಇದೆಯಲ್ಲ ಅಂತ ಸುಮ್ನೆ ಕೂರಬೇಡಿ, ಈಗ ಅದೂ ಗೂಗಲ್‌ನ ಉಚಿತ 15 ಜಿಬಿ ಲೆಕ್ಕಕ್ಕೆ ಸೇರುತ್ತದೆ. ಜಾಗ ತುಂಬಿದ್ದರೆ ಬ್ಯಾಕಪ್ ಎಂದೋ ನಿಂತಿರುತ್ತದೆ, ನಮಗೆ ಗೊತ್ತೇ ಆಗಿರುವುದಿಲ್ಲ.

ತೋಟದಮನೆ: ಯುಪಿಐ ಬಗ್ಗೆ ಯಾರೂ ಹೇಳಲಿಲ್ಲ. ಹೊಸ ಫೋನಿನಲ್ಲಿ ಆ್ಯಪ್ ಹಾಕಿದಾಗ ನಿಮ್ಮ ಸಿಮ್‌ನಿಂದ ಒಂದು ಎಸ್‌ಎಂಎಸ್ ತಾನಾಗೇ ಹೋಗುತ್ತದೆ, ಬ್ಯಾಂಕಿನಲ್ಲಿರುವ ನಂಬರೂ ಇದೂ ಒಂದೇನಾ ಅಂತ ನೋಡುವುದಕ್ಕೆ. ನನ್ನ ರೀಚಾರ್ಜ್ ಮುಗಿದಿತ್ತು, ಎಸ್‌ಎಂಎಸ್ ಹೋಗಲಿಲ್ಲ. ಅದು ಗೊತ್ತಾಗದೆ ಅರ್ಧ ದಿನ ಬ್ಯಾಂಕಿನವರನ್ನು ಬೈದೆ. ಅದು ಸರಿಯಾದ ಮೇಲೂ ಮೊದಲ 24 ಗಂಟೆ 5,000 ರೂಪಾಯಿಗಿಂತ ಜಾಸ್ತಿ ಕಳಿಸಲು ಬಿಡಲಿಲ್ಲ. ಅವತ್ತೇ ಅಡಿಕೆ ಕೊಯ್ಲಿನವರಿಗೆ ಬಟವಾಡೆ! ಪಕ್ಕದ ಮನೆಯಲ್ಲಿ ಕೈಗಡ ತಂದು ಕೊಟ್ಟೆ. ಮದುವೆಯೋ ಫೀಸು ಕಟ್ಟುವುದೋ ಹತ್ತಿರವಿದ್ದರೆ ಅದು ಮುಗಿದ ಮೇಲೆ ಸಿಮ್ ಹೊಸ ಫೋನಿಗೆ ಹಾಕಿ.

ಬೆರಳಚ್ಚಿನದು ಇನ್ನೊಂದು ಕತೆ. ಅಡಿಕೆ ಸುಲಿಯುವ ಕಾಲದಲ್ಲಿ ಬೆರಳಿಗೆ ಚೊಗರಿನ ಕಲೆ ಹಿಡಿದರೆ ಇದು ನನ್ನನ್ನು ಗುರುತಿಸುವುದೇ ಇಲ್ಲ. ಒಂದೇ ಬೆರಳನ್ನು ಎರಡು ಸಲ ದಾಖಲಿಸಿದೆ, ಒಮ್ಮೆ ತೊಳೆದ ಕೈ, ಒಮ್ಮೆ ಕೆಲಸದ ಕೈ. ಈಗ ಪರವಾಗಿಲ್ಲ. ಗಾಜಿನ ಹಾಳೆ ಅಂಟಿಸುವುದಿದ್ದರೆ ಅದನ್ನು ಮೊದಲು ಅಂಟಿಸಿ ಆಮೇಲೆ ಬೆರಳು ಕೊಡಿ.

ರಾತ್ರಿಪಾಳಿ: ತೋಟದಮನೆಯವರ ಕೆಲಸದ ಕೈ ಐಡಿಯಾ ಚೆನ್ನಾಗಿದೆ, ನಮ್ಮ ಗ್ಯಾರೇಜಿನವರಿಗೆ ಹೇಳುತ್ತೇನೆ. ಇನ್ನೊಂದು ನೆನಪಾಯಿತು. ಮಗಳು ಹೊರದೇಶದಿಂದ ವಾಟ್ಸಾಪ್‌ನಲ್ಲಿ ಕರೆ ಮಾಡಿದರೆ ರಿಂಗ್ ಆಗುತ್ತಿರಲಿಲ್ಲ, ಫೋನ್ ತೆರೆದ ಮೇಲೆ ಮಿಸ್ಡ್ ಕಾಲ್‌ಗಳು ಒಟ್ಟಿಗೆ ಬರುತ್ತಿದ್ದವು. ಫೋನ್ ಕೆಟ್ಟಿದೆ ಅಂತ ಅಂಗಡಿಗೆ ಎರಡು ಸಲ ಅಲೆದೆ. ಕೆಟ್ಟಿರಲಿಲ್ಲ, ಬ್ಯಾಟರಿ ಉಳಿಸಲು ಫೋನೇ ಆ್ಯಪನ್ನು ಮಲಗಿಸುತ್ತಿತ್ತು. ಆ ಆ್ಯಪಿನ ಮಾಹಿತಿಗೆ ಹೋಗಿ ಬ್ಯಾಟರಿಯಲ್ಲಿ ಅನ್‌ರಿಸ್ಟ್ರಿಕ್ಟೆಡ್ ಅಂತ ಮಾಡಿ.

ಮೇಷ್ಟ್ರು: ಕನ್ನಡ ಟೈಪಿಂಗ್ ಕೂಡ. ಫೋನಿನ ಭಾಷೆ ಕನ್ನಡ ಮಾಡಿದರೂ ಕೀಬೋರ್ಡಿಗೆ ಬೇರೆಯಾಗಿ ಕನ್ನಡ ಸೇರಿಸಬೇಕು. ಜಿಬೋರ್ಡಿನಲ್ಲಿ ಅಕ್ಷರದ ಕೀಲಿಗಳೂ ಇವೆ, ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವುದೂ ಇದೆ, ಬೆರಳಲ್ಲಿ ಬರೆಯುವುದೂ ಇದೆ. ಹಳೆಯದರಲ್ಲಿ ನಾನು ಪರ್ಸನಲ್ ಡಿಕ್ಷನರಿಗೆ ಸೇರಿಸಿದ್ದ ಪದಗಳು ಮಾತ್ರ ಬರಲಿಲ್ಲ. ರ‍್ಯಾಂಕ್ ಅಂತ ಬರೆಯಲು ಹೋದರೆ ಅರ್ಕಾವತ್ತು ಬಂದು ಕೂರುತ್ತದೆ, ಮಕ್ಕಳ ಫಲಿತಾಂಶ ಹಾಕುವಾಗ ಪ್ರತಿ ಸಲ ಅದೇ ಗೋಳು.

ಕೊನೆಗೆ ಕೊಡುವಾಗ ಮೊದಲು ಗೂಗಲ್ ಖಾತೆ ತೆಗೆದು, ಆಮೇಲೆ ಫ್ಯಾಕ್ಟರಿ ರಿಸೆಟ್ ಮಾಡಿ, ಅಂದರೆ ಒಳಗಿರುವುದನ್ನೆಲ್ಲ ಅಳಿಸಿ. ಮೆಮೊರಿ ಕಾರ್ಡ್ ಮರೆಯಬೇಡಿ.

ಕಾಫಿಪುಡಿ: ಅಂಗಡಿಗೆ ಫೋನ್ ಮಾಡಿದೆ, ಮುಂದಿನ ವಾರ ಕೊಟ್ಟರೂ ನಡೆಯುತ್ತದಂತೆ. ರೀಚಾರ್ಜ್ ನೋಡಿದರೆ ನಾಳೆಗೇ ಮುಗಿಯುತ್ತಿತ್ತು! ಈಗಷ್ಟೇ ಹಾಕಿಸಿದೆ. ಸರ್, ಹಳೆಯ ಕಾರ್ಡ್ ತೆಗೆದಿಟ್ಟೆ, ಹೊಸದರಲ್ಲಿ ಅದನ್ನು ಹಾಕುವ ಜಾಗ ಎಲ್ಲಿದೆ? ಸಿಮ್ ಟ್ರೇಯಲ್ಲಿ ಎರಡೇ ಗುಳಿ ಇವೆ.

ಮೇಷ್ಟ್ರು: ಎರಡೂ ಸಿಮ್ಮಿಗೇ ಇರಬೇಕು ಮೇಡಂ. ಈಗಿನ ತುಂಬಾ ಫೋನ್‌ಗಳಲ್ಲಿ ಕಾರ್ಡಿಗೆ ಜಾಗವೇ ಇರುವುದಿಲ್ಲ. ಕಾರ್ಡನ್ನು ಹಳೆಯದಕ್ಕೇ ವಾಪಸ್ ಹಾಕಿ ಫೋಟೋಗಳನ್ನು ಕಳಿಸಿಕೊಳ್ಳಿ. ಅದಕ್ಕೂ ಹಳೆಯ ಫೋನೇ ಬೇಕು ನೋಡಿ.