ಚೀನಾದ ಹೈಸ್ಕೂಲು ಮಕ್ಕಳ ಇಂಗ್ಲಿಷ್ ಪರೀಕ್ಷೆ: ಅಳೀತಿರೋದು ಕಿವಿಯನ್ನಾ, ಓದನ್ನಾ?

ಔಂಧ್_ಕನ್ನಡತಿ (ಪುಣೆ)

ನಮಸ್ಕಾರ. ನಮ್ಮದು ಶಾಲೆಗಳಿಗೆ ಪ್ರಶ್ನೆಪತ್ರಿಕೆ ಮಾಡಿಕೊಡುವ ಸಣ್ಣ ತಂಡ. ಈಗ ಚೀನಾದ ಒಂದು ಹೈಸ್ಕೂಲಿನ ಕೆಲಸ ಬಂದಿದೆ. ಎರಡನೇ ವರ್ಷದ, ಅಂದರೆ ನಮ್ಮ ಹನ್ನೊಂದನೇ ತರಗತಿ ವಯಸ್ಸಿನ, 60 ಮಕ್ಕಳ ಇಂಗ್ಲಿಷ್ ಆಲಿಸುವಿಕೆ ಮತ್ತು ಓದು ಎರಡನ್ನೂ ಅಳೆದು ಯಾರಿಗೆ ಯಾವುದರಲ್ಲಿ ಕೊರತೆ ಎಂದು ಹೇಳಬೇಕು. ಗಾವೊಕಾವೊ (ಚೀನಾದ ಕಾಲೇಜು ಪ್ರವೇಶ ಪರೀಕ್ಷೆ) ಮಾದರಿಯಲ್ಲೇ ಪತ್ರಿಕೆ ಮಾಡಿ ಒಂದು ಸುತ್ತು ಮುಗಿದಿದೆ: ಆಲಿಸುವಿಕೆಗೆ 20 ಪ್ರಶ್ನೆ, ಓದಿಗೆ 15. ಎರಡರಲ್ಲೂ ಸರಾಸರಿ ನೂರಕ್ಕೆ 60ರ ಆಸುಪಾಸು. ಓದಿನಲ್ಲಿ ಹಿಂದಿರುವವರೇ ಆಲಿಸುವುದರಲ್ಲೂ ಹಿಂದೆ. ಒಂದು ಪಟ್ಟಿ ಇನ್ನೊಂದರ ನಕಲಿನ ಹಾಗಿದೆ. ಹೀಗಾದರೆ ಶಾಲೆಗೆ ಏನಂತ ಹೇಳೋದು?

ಕೇಳಬೇಕಾದ್ದು ಮೂರು. ಎರಡನ್ನೂ ಬೇರೆ ಬೇರೆ ಮಾಡಿ ಅಳೆಯೋದು ಹೇಗೆ? ಧ್ವನಿಮುದ್ರಣದಲ್ಲಿ ನಮ್ಮವರದೇ ದನಿ ಇದ್ದರೆ ತೊಂದರೆಯೇ? ಇಷ್ಟು ಕಡಿಮೆ ಮಕ್ಕಳಿದ್ದಾಗ ಪ್ರಶ್ನೆ ಚೆನ್ನಾಗಿದೆಯೋ ಇಲ್ಲವೋ ಅಂತ ಯಾವ ಲೆಕ್ಕದಿಂದ ನೋಡಬೇಕು?

ಮಾಟುಂಗಾ_ಮೇಷ್ಟ್ರು (ಮುಂಬಯಿ)

ಮೇಡಂ, ಮಕ್ಕಳ ವಿಚಾರ ಆಮೇಲೆ. ಮೊದಲು ಪತ್ರಿಕೆಯನ್ನೇ ಕೂರಿಸಿಕೊಂಡು ವಿಚಾರಿಸಿ. ಗಾವೊಕಾವೊ ಆಲಿಸುವಿಕೆಯಲ್ಲಿ ಪ್ರಶ್ನೆ, ಆಯ್ಕೆ ಎರಡೂ ಅಚ್ಚಾಗಿರುತ್ತವೆ, ಅದೂ ಇಂಗ್ಲಿಷಿನಲ್ಲೇ. ಅಂದಮೇಲೆ ಕೇಳುವ ಪರೀಕ್ಷೆಯ ಹೊಟ್ಟೆಯೊಳಗೆ ಒಂದು ಓದುವ ಪರೀಕ್ಷೆ ಇದ್ದೇ ಇರುತ್ತದೆ.

ಗೊತ್ತಿಲ್ಲದವರಿಗೆ ಅದರ ಕಟ್ಟು ಹೇಳಿಬಿಡುತ್ತೇನೆ. ರಾಷ್ಟ್ರೀಯ ಪತ್ರಿಕೆಗೆ 150 ಅಂಕ, 120 ನಿಮಿಷ. ಅದರಲ್ಲಿ ಆಲಿಸುವಿಕೆ 30 ಅಂಕ, 20 ಪ್ರಶ್ನೆ, ತಲಾ ಒಂದೂವರೆ, ಮೂರು ಮೂರು ಆಯ್ಕೆ. ಮೊದಲ ಭಾಗ 5 ಪುಟ್ಟ ಸಂಭಾಷಣೆ. ಒಂದಕ್ಕೆ ಒಂದೇ ಪ್ರಶ್ನೆ, ಕೇಳಿಸುವುದೂ ಒಂದೇ ಸಲ, ಮುಗಿದ ಮೇಲೆ ಉತ್ತರ ಹಾಕಿ ಮುಂದಿನದನ್ನು ಓದಿಕೊಳ್ಳಲು 10 ಸೆಕೆಂಡು. ಎರಡನೇ ಭಾಗ ಉದ್ದನೆಯ 5 ತುಣುಕು, 15 ಪ್ರಶ್ನೆ, ಎರಡೆರಡು ಸಲ. ಇಲ್ಲಿ ತುಣುಕು ಶುರುವಾಗುವ ಮುಂಚೆ ಪ್ರಶ್ನೆಗೆ 5 ಸೆಕೆಂಡಿನಂತೆ ಓದಲು ಬಿಡುವು, ಆದ ಮೇಲೆ ಉತ್ತರಿಸಲು ಮತ್ತೆ ತಲಾ 5. ಬೀಜಿಂಗ್, ಶಾಂಘೈ, ತಿಯಾನ್‌ಜಿನ್ ತಮ್ಮ ತಮ್ಮ ಪತ್ರಿಕೆ ತಾವೇ ಮಾಡಿಕೊಳ್ಳುತ್ತವೆ. ಹಾಗಾಗಿ ನಿಮ್ಮ ಶಾಲೆ ಎಲ್ಲಿಯದು ಅಂತ ಮೊದಲು ಕೇಳಿ.

ಈಗ ಆ 5 ಸೆಕೆಂಡು ನೋಡಿ. ಒಂದು ತುಣುಕಿಗೆ 3 ಪ್ರಶ್ನೆ ಇದ್ದರೆ 15 ಸೆಕೆಂಡು. ಪ್ರಶ್ನೆಯಲ್ಲಿ 8 ಪದ, ಒಂದೊಂದು ಆಯ್ಕೆಯಲ್ಲಿ 3 ಪದ ಅಂದರೆ ಪ್ರಶ್ನೆಗೆ 17, ಮೂರಕ್ಕೆ 51 ಪದ. ನಿಮಿಷಕ್ಕೆ 204 ಪದದ ವೇಗದಲ್ಲಿ ಓದಬೇಕು. ಓದಿನಲ್ಲಿ ಗಟ್ಟಿಯಿರುವ ಹುಡುಗ ತಿಣುಕಿಕೊಂಡು ಮುಗಿಸಿಯಾನು. ಅದೇ ಆಯ್ಕೆಗಳನ್ನು ಆರಾರು ಪದಕ್ಕೆ ಎಳೆದಿದ್ದರೆ 78 ಪದ, ನಿಮಿಷಕ್ಕೆ 312. ಎರಡನೇ ಭಾಷೆಯಲ್ಲಿ ಇದು ಆಗುವ ಮಾತಲ್ಲ. ನಿಧಾನ ಓದುಗ ಪ್ರಶ್ನೆ ಏನು ಅಂತ ತಿಳಿಯುವ ಮೊದಲೇ ತುಣುಕು ಓಡುತ್ತಿರುತ್ತದೆ. ನಿಮ್ಮ ಎರಡು ಪಟ್ಟಿ ಒಂದೇ ಥರ ಬಂದಿರುವುದಕ್ಕೆ ಇದೇ ಕಾರಣ ಇರಬೇಕು. ಆಯ್ಕೆಗಳ ಪದ ಎಣಿಸಿ ನೋಡಿ.

ಪರಿಹಾರ: ಪ್ರಶ್ನೆ 8 ಪದ ಮೀರಬಾರದು, ಆಯ್ಕೆ 3 ಮೀರಬಾರದು. ಆಗುವಲ್ಲೆಲ್ಲ ಸಮಯ, ಬೆಲೆ, ಜಾಗದ ಹೆಸರೇ ಆಯ್ಕೆಯಾಗಿರಲಿ. ಇದು ಗಾವೊಕಾವೊ ತಾಲೀಮಲ್ಲ, ಕೊರತೆ ಹುಡುಕುವ ಪರೀಕ್ಷೆ. ಹಾಗಾಗಿ ಪ್ರಶ್ನೆಗಳನ್ನು ಚೀನೀ ಭಾಷೆಯಲ್ಲೇ ಅಚ್ಚು ಹಾಕಿದರೂ ತಪ್ಪಿಲ್ಲ. ಶಾಲೆಯವರು ಮೊದಲು ಒಪ್ಪಲಿಕ್ಕಿಲ್ಲ, ಬಿಡಿಸಿ ಹೇಳಿ.

ಒಂದು ಮಾದರಿ ಕೊಡುತ್ತೇನೆ, ಸಂಭಾಷಣೆಯ ಸಾರ ಮಾತ್ರ. ಹುಡುಗಿ: ಏಳೂಕಾಲಿನ ಬಸ್ಸು ಹೋಯಿತಾ? ಗಂಡಸು: ಹೋಗಿ ಐದು ನಿಮಿಷವಾಯಿತು. ಮುಂದಿನದು ಎಂಟಕ್ಕೆ. ನಾನು ಏಳೂವರೆಗೆ ಹೊರಡುತ್ತೇನೆ, ಬೇಕಾದರೆ ಕಾರಿನಲ್ಲಿ ಬಾ. ಹುಡುಗಿ: ಅಯ್ಯೋ, ತುಂಬಾ ಉಪಕಾರ. ಪ್ರಶ್ನೆ: ಹುಡುಗಿ ಎಷ್ಟು ಹೊತ್ತಿಗೆ ಹೊರಡುತ್ತಾಳೆ? ಆಯ್ಕೆ 7:15, 7:30, 8:00. ಮೂರೂ ಕಿವಿಗೆ ಬಿದ್ದಿವೆ, ಕೊನೆಯ ಮಾತಿನ ಒಪ್ಪಿಗೆ ಅರ್ಥವಾದರೆ ಮಾತ್ರ ಉತ್ತರ. ಇದನ್ನೇ 6:00, 7:30, 9:00 ಅಂತ ಬರೆದರೆ ಕೇಳಿಸಿದ ಒಂದೇ ಒಂದು ಸಂಖ್ಯೆಯನ್ನು ಗುರುತು ಹಾಕಿ ಮಗು ಪಾರಾಗುತ್ತದೆ. ಅಂಥ ಪ್ರಶ್ನೆಗಳನ್ನು ಹಿಡಿಯುವ ಉಪಾಯ ಸುಲಭ: ಧ್ವನಿ ಕೇಳಿಸದೆ ಬರೀ ಪ್ರಶ್ನೆಪತ್ರಿಕೆ ಕೊಟ್ಟು ಐದಾರು ಜನರ ಹತ್ತಿರ ಬಿಡಿಸಿ. ಕುರುಡು ಊಹೆಗೆ 20ರಲ್ಲಿ ಆರೇಳು ಸರಿಯಾಗುವುದು ಸಹಜ. ಎಲ್ಲರೂ ಹತ್ತು ದಾಟಿದರೆ ಪತ್ರಿಕೆಯೇ ಉತ್ತರ ಹೇಳಿಕೊಡುತ್ತಿದೆ ಅಂತ ತಿಳಿಯಿರಿ.

ವಾಸ್ಕೊ_ಧ್ವನಿ (ಗೋವಾ)

ಎರಡನೇ ಪ್ರಶ್ನೆಗೆ ನನ್ನ ಉತ್ತರ: ನಮ್ಮ ದನಿ ಬೇಡ. ಕೀಳರಿಮೆ ಏನಿಲ್ಲ, ಕಾರಣ ಬೇರೆ. ಚೀನೀಯರ ಮ್ಯಾಂಡರಿನ್ ಭಾಷೆಯಲ್ಲಿ ಪ ಮತ್ತು ಬ ಥರದ ಜೋಡಿಗಳನ್ನು ಬೇರೆ ಮಾಡುವುದು ಘೋಷವಲ್ಲ, ಅಂದರೆ ಗಂಟಲಿನ ಕಂಪನವಲ್ಲ, ಉಸಿರು. ನಮ್ಮ ಲೆಕ್ಕದಲ್ಲಿ ಅವರ ಒಂದು ಅಕ್ಷರ ಅಲ್ಪಪ್ರಾಣದ ಪ, ಇನ್ನೊಂದು ಮಹಾಪ್ರಾಣದ್ದು. ನಾವು ಪೇರ್ ಹಣ್ಣು ಅನ್ನುವಾಗ ಉಸಿರು ಚಿಮ್ಮುವುದಿಲ್ಲ. ಚೀನಾದ ಮಗುವಿಗೆ ಅದು ಬೇರ್, ಅಂದರೆ ಕರಡಿ, ಅಂತ ಕೇಳಿಸಿಬಿಡಬಹುದು. ಟ–ಡ, ಕ–ಗ ಜೋಡಿಗಳದ್ದೂ ಇದೇ ಕಥೆ. ಓದುವವರ ಬಾಯಿ ಮುಂದೆ ತೆಳ್ಳನೆ ಕಾಗದ ಹಿಡಿದು ಪೇರ್ ಅನ್ನಿಸಿ, ಕಾಗದ ಅಲುಗದಿದ್ದರೆ ಆ ದನಿ ಈ ಕೆಲಸಕ್ಕೆ ಆಗಿಬರುವುದಿಲ್ಲ. ಮ್ಯಾಂಡರಿನ್‌ನಲ್ಲಿ ವ್ ಸದ್ದೂ ಇಲ್ಲ. ನಾವು ವೆಸ್ಟ್ ಎಂದರೆ ಪಶ್ಚಿಮವೂ ಆಗುತ್ತದೆ, ತೊಡುವ ಬನಿಯನ್ನೂ ಆಗುತ್ತದೆ. ಕೇಳುವವರಿಗೂ ಭೇದ ಕಷ್ಟ, ಹೇಳುವವರಲ್ಲೂ ಭೇದವಿಲ್ಲ ಅಂದರೆ ಪ್ರಶ್ನೆ ಹಾಳು.

ಇನ್ನೊಂದು, ಬರೆಯುವವರಿಗೆ. ಮ್ಯಾಂಡರಿನ್ ಪದಗಳು ಸ್ವರದಲ್ಲಿ, ಇಲ್ಲವೇ ನ್, ಙ್ ಥರದ ಸದ್ದಿನಲ್ಲಿ ಮುಗಿಯುತ್ತವೆ. ಬೀಜಿಂಗ್ ಕಡೆ ರ್ ಕೂಡ ಉಂಟು. ವಾಕ್ ಮತ್ತು ವಾಕ್ಡ್ ನಡುವಿನ ಕೊನೆಯ ಚೂರಿನ ಮೇಲೆ ಉತ್ತರ ನಿಂತಿದ್ದರೆ ನೀವು ಅಳೆಯುತ್ತಿರುವುದು ಗ್ರಹಿಕೆಯನ್ನಲ್ಲ. ನಿನ್ನೆ, ಈಗಾಗಲೇ ಅನ್ನುವ ಪದಗಳನ್ನೂ ಸೇರಿಸಿ.

ಧ್ವನಿಮುದ್ರಣಕ್ಕೆ ಮೂರು ದನಿ: ಸೂಚನೆಗೊಬ್ಬರು, ಒಬ್ಬ ಗಂಡಸು, ಒಬ್ಬ ಹೆಂಗಸು. 44.1 ಕಿಲೋಹರ್ಟ್ಸ್, 16 ಬಿಟ್, ಮೊನೊ ವೇವ್ ಸಾಕು. ಫ್ಯಾನು ಬಂದ್, ಕಿಟಕಿಗೆ ದಪ್ಪ ಪರದೆ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಕೂತು ರೆಕಾರ್ಡ್ ಮಾಡಿ ಆಮೇಲೆ ಆಡಾಸಿಟಿ ಥರದ ಧ್ವನಿ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಗದ್ದಲ ತೆಗೆಯುತ್ತೇನೆ ಅನ್ನಬೇಡಿ. ಆ ಫಿಲ್ಟರ್ ಜಾಸ್ತಿ ಎಳೆದರೆ ಮೊದಲು ಸಾಯುವುದು ಸ್, ಫ್, ಥ್ ಸದ್ದುಗಳೇ. ವೇಗ ನಿಮಿಷಕ್ಕೆ 140 ಪದ ಇಟ್ಟುಕೊಂಡರೆ 180 ಪದದ ಸಂಭಾಷಣೆ ಸುಮಾರು 77 ಸೆಕೆಂಡು ಬರಬೇಕು. 65ಕ್ಕೆ ಮುಗಿದಿದೆಯೆಂದರೆ ಓದಿದವರು ಓಡಿದ್ದಾರೆ. ಸಾಫ್ಟ್‌ವೇರ್‌ನಲ್ಲಿ ನಿಧಾನ ಮಾಡುವುದಕ್ಕಿಂತ ಮತ್ತೆ ಓದಿಸಿ. ಬಿಡುವಿನ ಸೆಕೆಂಡುಗಳಲ್ಲಿ ಪೂರ್ತಿ ಮೌನ ಹಾಕಬೇಡಿ, ಅದೇ ಕೋಣೆಯ ಖಾಲಿ ಸದ್ದನ್ನು ತುಂಬಿಸಿ. ಇಲ್ಲದಿದ್ದರೆ ಸ್ಪೀಕರ್ ಕೆಟ್ಟಿತೇನೋ ಅಂತ ತರಗತಿಯೆಲ್ಲ ತಲೆ ಎತ್ತುತ್ತದೆ. ಸಪ್ಪಳದ ಮಟ್ಟ ಎಲ್ಲ ತುಣುಕಿಗೂ ಒಂದೇ ಇರಲಿ, ಮೊನೊಗೆ ಮೈನಸ್ 19 ಎಲ್‌ಯುಎಫ್‌ಎಸ್ (ಸದ್ದಿನ ಜೋರು ಅಳೆಯುವ ಮಾನ) ಹತ್ತಿರ.

ಚಿಂಚವಾಡ_ಧಾರವಾಡ (ಪುಣೆ)

ಅಕ್ಕಾರ, ಎರಡರಾಗೂ ಸರಾಸರಿ 60 ಅಂತ ಬರದೀರಲ್ಲ, ಆ ಎರಡು 60 ಒಂದ ಅಲ್ಲ ನೋಡ್ರಿ. ಆಲಿಸೋದರಾಗ ಮೂರು ಆಯ್ಕೆ, ಓದಿನಾಗ ನಾಕು. ಊಹೆ ಮಾಡಿ ಗಳಿಸೋದು ಒಂದರಾಗ ಮೂರನೇ ಒಂದು ಪಾಲು, ಇನ್ನೊಂದರಾಗ ಕಾಲು ಪಾಲು. ತಪ್ಪಿನ ಸಂಖ್ಯಾನ ಆಯ್ಕೆಗಿಂತ ಒಂದು ಕಡಿಮಿಯಿಂದ ಭಾಗಿಸಿ ಸರಿ ಉತ್ತರದಾಗ ಕಳೀರಿ. ಆಲಿಸೋದು: 20ಕ್ಕ 12 ಸರಿ, 8 ತಪ್ಪು, 8ನ್ನ 2ರಿಂದ ಭಾಗಿಸಿದ್ರ 4, ಉಳಿದದ್ದು 8, ಅಂದ್ರ ನೂರಕ್ಕ 40. ಓದು: 15ಕ್ಕ 9 ಸರಿ, 6 ತಪ್ಪು, 3ರಿಂದ ಭಾಗಿಸಿದ್ರ 2, ಉಳಿದದ್ದು 7, ನೂರಕ್ಕ ಹತ್ತಿರಹತ್ತಿರ 47. ಸಮ ಅಂತ ಕಂಡದ್ದರಾಗ ಆಲಿಸೋದು ಹಿಂದ ಬಿತ್ತು. ಮಕ್ಕಳ ಅಂಕ ಹಿಂಗ ಕಳೀಬ್ಯಾಡ್ರಿ, ಅವರ ಪರೀಕ್ಷಾದಾಗ ತಪ್ಪಿಗೆ ಅಂಕ ಕಡಿಯೂದಿಲ್ಲ. ಇದು ನಿಮ್ಮ ಹೋಲಿಕಿಗೆ ಮಾತ್ರ.

ಪ್ರಶ್ನಿ ಛಲೋ ಅದನೋ ಇಲ್ಲೋ ನೋಡಲಿಕ್ಕೆ 60 ಮಂದಿ ಸಾಕು. ಒಟ್ಟು ಅಂಕದ ಪ್ರಕಾರ ಸಾಲು ಹಚ್ಚಿ ಮ್ಯಾಲಿನ 27 ಪ್ರತಿಶತ, ಕೆಳಗಿನ 27 ಪ್ರತಿಶತ ತಗೋರಿ, ಅಂದ್ರ 16 ಮತ್ತ 16. ಒಂದು ಪ್ರಶ್ನಿಗೆ ಮ್ಯಾಲಿನವರಾಗ 13, ಕೆಳಗಿನವರಾಗ 7 ಸರಿ ಮಾಡ್ಯಾರ ಅನ್ನಿ. ಸುಲಭತಿ 32ಕ್ಕ 20, ಅಂದ್ರ 0.63. ಭೇದಶಕ್ತಿ (ಮ್ಯಾಲಿನವರನ್ನ ಕೆಳಗಿನವರಿಂದ ಬ್ಯಾರೆ ಮಾಡೋ ಶಕ್ತಿ) 13ರಾಗ 7 ಕಳದು 16ಕ್ಕ 6, ಅಂದ್ರ 0.38. ಇದು ಇಟ್ಟುಕೊಳ್ಳುವಂಥ ಪ್ರಶ್ನಿ. 0.20ರ ಕೆಳಗ ಬಂದ್ರ ತಿದ್ದರಿ ಇಲ್ಲಾ ಒಗೀರಿ. ಋಣ ಸಂಖ್ಯಾ ಬಂದ್ರ ಮೊದಲು ಉತ್ತರಸೂಚಿ ತೆಗೆದು ನೋಡ್ರಿ, ಬಹಳ ಸಲ ಅಲ್ಲೇ ಎ ಇದ್ದದ್ದು ಬಿ ಆಗಿರತದ.

20 ಪ್ರಶ್ನಿದ ವಿಶ್ವಾಸಾರ್ಹತಾ (ಮತ್ತ ಮತ್ತ ಕೊಟ್ರೂ ಅಂಕ ಎಷ್ಟು ಒಂದ ಥರ ಬರತದ ಅನ್ನೋ ಅಳತಿ, ಪೂರ್ತಿ ಅಂದ್ರ 1) 0.70 ಬಂದಿದ್ರ ಅಂಥವೇ ಇನ್ನ 20 ಸೇರಿಸಿದ್ರ 0.82ಕ್ಕ ಏರತದ. ಒಬ್ಬೊಬ್ಬ ಹುಡುಗನ ಬಗ್ಗೆ ತೀರ್ಪು ಕೊಡೋದಿದ್ರ 20 ಕಡಿಮಿನ ಆತು.

ಔಂಧ್_ಕನ್ನಡತಿ (ಪುಣೆ)

ಎಲ್ಲರಿಗೂ ಧನ್ಯವಾದ. ಆಯ್ಕೆಗಳ ಪದ ಎಣಿಸಿದೆ, ಮೇಷ್ಟ್ರು ಹೇಳಿದ್ದು ನಿಜ, ಹೆಚ್ಚಿನವು ಐದು-ಆರು ಪದದವು. ಎರಡನೇ ಸುತ್ತಿಗೆ ಎಲ್ಲವನ್ನೂ ಎರಡು ಸಲ ಕೇಳಿಸೋಣವೇ? ಮತ್ತೆ, ಆನ್‌ಲೈನ್ ಫಾರ್ಮ್ ಕಳಿಸಿದರೆ ಅಲ್ಲಿ ತೆರೆಯುತ್ತಿಲ್ಲ.

ವಾಸ್ಕೊ_ಧ್ವನಿ (ಗೋವಾ)

ಗೂಗಲ್ ಫಾರ್ಮ್, ಡ್ರೈವ್, ಯೂಟ್ಯೂಬ್ ಯಾವುದೂ ಅಲ್ಲಿ ನಡೆಯುವುದಿಲ್ಲ, ಎಲ್ಲ ಬ್ಲಾಕ್. ಮಕ್ಕಳು ತರಗತಿಗೆ ಫೋನು ತರಬಾರದು ಅಂತ ಶಿಕ್ಷಣ ಇಲಾಖೆ 2021ರಲ್ಲೇ ಸೂಚನೆ ಹೊರಡಿಸಿದೆ, ಹಾಗಾಗಿ ಫೋನಿನ ದಾರಿಯೂ ಇಲ್ಲ. ಕಾಗದದ ಪತ್ರಿಕೆ, ಶಾಲೆಯ ಸ್ಪೀಕರ್, ಇಷ್ಟೇ. ಎಂಪಿತ್ರೀ ಮೊನೊ 96 ಕೆಬಿಪಿಎಸ್‌ನಲ್ಲಿ 20 ನಿಮಿಷಕ್ಕೆ 14 ಎಂಬಿ ಚಿಲ್ಲರೆ, ಇಮೇಲ್‌ನಲ್ಲೇ ಹೋಗುತ್ತದೆ. ಇಡೀ ಪರೀಕ್ಷೆ ಒಂದೇ ಕಡತದಲ್ಲಿರಲಿ. ತುಂಡು ತುಂಡಾಗಿ ಕಳಿಸಿದರೆ ಒತ್ತುವವರ ಕೈಯಲ್ಲಿ ನಿಮ್ಮ 5 ಸೆಕೆಂಡು 15 ಆಗುತ್ತದೆ. ಹಿಂದಿನ ದಿನ ಕೊನೆಯ ಬೆಂಚಿನಲ್ಲಿ ಒಬ್ಬರನ್ನು ಕೂರಿಸಿ, ಥರ್ಟೀನ್, ಥರ್ಟಿ, ಫಿಫ್ಟೀನ್, ಫಿಫ್ಟಿ ಅಂತ ಹತ್ತು ಸಂಖ್ಯೆ ಕೇಳಿಸಿ ಬರೆಸಿ. ಎರಡಕ್ಕಿಂತ ಹೆಚ್ಚು ತಪ್ಪಿದರೆ ಕೋಣೆ ಬದಲಿಸಲು ಹೇಳಿ. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಹೊತ್ತು ಗೊತ್ತು ಮಾಡುವಾಗ ನೆನಪಿರಲಿ.

ಮಾಟುಂಗಾ_ಮೇಷ್ಟ್ರು (ಮುಂಬಯಿ)

ಎಲ್ಲ ಎರಡು ಸಲ ಬೇಡ. ಪುಟ್ಟ ಸಂಭಾಷಣೆ ಒಂದೇ ಸಲ ಇರಲಿ, ಎರಡನೇ ಸಲ ಕೇಳಿಸಿದರೆ ಅವು ತೀರಾ ಸಲೀಸಾಗಿ ಯಾರನ್ನೂ ಬೇರೆ ಮಾಡುವುದಿಲ್ಲ.

ನಿಮ್ಮ ಮೊದಲ ಪ್ರಶ್ನೆಗೆ ನಿಜವಾದ ಉತ್ತರ ಅಡ್ಡಜೋಡಣೆ. ಒಂದೇ ಮಟ್ಟದ ಎರಡು ಗುಂಪು ತುಣುಕು ಮಾಡಿ, ಒಂದೊಂದಕ್ಕೆ 10 ಪ್ರಶ್ನೆ. ಮೊದಲ ಸುತ್ತಿನ ಅಂಕದ ಸಾಲಿನಲ್ಲಿ 1, 4, 5, 8 ಹೀಗೆ ಒಂದು ತಂಡ, 2, 3, 6, 7 ಹೀಗೆ ಇನ್ನೊಂದು, ತಲಾ 30. ಒಂದು ತಂಡ ಮೊದಲ ಗುಂಪನ್ನು ಕೇಳಲಿ, ಎರಡನೆಯದನ್ನು ಅಚ್ಚಿನಲ್ಲಿ ಓದಲಿ. ಇನ್ನೊಂದು ತಂಡಕ್ಕೆ ತಿರುಗುಮುರುಗು. ಓದುವವರಿಗೆ ಬೇಕಾದಷ್ಟು ಹೊತ್ತು ಕೊಡಬಾರದು, ಎರಡು ಸಲ ಕೇಳಿಸುವಷ್ಟೇ ಹೊತ್ತು: 77 ಸೆಕೆಂಡಿನ ತುಣುಕಿಗೆ 154, ಆಮೇಲೆ ಹಾಳೆ ವಾಪಸು.

ಓದಿ 9, ಕೇಳಿ 4 ಬಂದ ಮಗುವಿಗೆ ಪದ, ವ್ಯಾಕರಣ ಗೊತ್ತು, ಸದ್ದು ಒಡೆಯಲು ಬರುವುದಿಲ್ಲ. ಅದಕ್ಕೆ ಉಕ್ತಲೇಖನ, ಪಠ್ಯ ನೋಡಿಕೊಂಡು ಕೇಳುವ ಅಭ್ಯಾಸ. ಎರಡರಲ್ಲೂ 4 ಬಂದರೆ ಕಿವಿಯ ಪಾಠ ದಂಡ, ಪದಸಂಪತ್ತಿನಿಂದ ಶುರು ಮಾಡಬೇಕು. ಒಂದೆರಡು ಪ್ರಶ್ನೆಯ ವ್ಯತ್ಯಾಸಕ್ಕೆ ಅರ್ಥ ಹಚ್ಚಬೇಡಿ, ನಾಲ್ಕಾದರೂ ಇರಲಿ.

ಡೊಂಬಿವಲಿ_ವಾಚಕ

ಓದಿನ ಭಾಗದ ಬಗ್ಗೆ ಯಾರೂ ಹೇಳಲಿಲ್ಲ. ಅವರ ಹೊಸ ಪತ್ರಿಕೆಯಲ್ಲಿ ಓದಿಗೆ 50 ಅಂಕ: ನಾಲ್ಕು ಗದ್ಯಭಾಗಕ್ಕೆ 15 ಪ್ರಶ್ನೆ, ಮತ್ತೆ ಏಳು ವಾಕ್ಯದಲ್ಲಿ ಐದನ್ನು ಆರಿಸಿ ಬಿಟ್ಟ ಜಾಗ ತುಂಬುವ 5 ಪ್ರಶ್ನೆ, ಎಲ್ಲಕ್ಕೂ ತಲಾ ಎರಡೂವರೆ. ನೀವು 15 ಮಾತ್ರ ಇಟ್ಟಿದ್ದೀರಿ, ಅಂದರೆ ಆ ಐದು ಬಿಟ್ಟಿದ್ದೀರಿ. ಕೊರತೆ ಹುಡುಕುವುದಕ್ಕೆ ಅದು ಒಳ್ಳೆಯದೇ. ಅಲ್ಲಿ ಒಂದು ವಾಕ್ಯ ತಪ್ಪು ಜಾಗಕ್ಕೆ ಹೋದರೆ ಅದರ ಸರಿಯಾದ ಜಾಗವೂ ತಪ್ಪುತ್ತದೆ, ಒಂದು ಎಡವಟ್ಟಿಗೆ ಎರಡು ಪೆಟ್ಟು. ಇಟ್ಟೇ ಇಡಬೇಕೆಂದರೆ ಒಂದೊಂದು ಖಾಲಿ ಜಾಗದ ಹಿಂದೆಮುಂದೆ ಒಂದು ಕೊಂಡಿ ಇರಲಿ, ಅದು, ಅವರು, ಆದರೂ ಥರದ್ದು. ನಿಮ್ಮವರೇ ಇಬ್ಬರು ಬಿಡಿಸಿ ಇಬ್ಬರದೂ ಐದಕ್ಕೆ ಐದು ಹೊಂದದಿದ್ದರೆ ಆ ಭಾಗ ಬಿಡಿ.

ಪದಗಳು: ಅವರ ಪಠ್ಯಕ್ರಮದಲ್ಲಿ ಗಾವೊಕಾವೊಗೆ ಕೂರುವ ಹೊತ್ತಿಗೆ ಸುಮಾರು 3000 ಪದ, ಎರಡನೇ ವರ್ಷದಲ್ಲಿ ಇನ್ನೂ ಪೂರ್ತಿಯಾಗಿರುವುದಿಲ್ಲ. 300 ಪದದ ಭಾಗದಲ್ಲಿ ಪಟ್ಟಿಯ ಹೊರಗಿನವು ಆರೇಳು ಮೀರಬಾರದು. ಮೀರಿದರೆ ಪಕ್ಕದಲ್ಲೇ ಚೀನೀ ಅರ್ಥ ಕೊಡಿ, ಅವರ ಪತ್ರಿಕೆಗಳಲ್ಲೂ ಕೊಡುತ್ತಾರೆ. ಲಕ್ಷ, ಕೋಟಿ, ಪ್ರಿಪೋನ್, ಔಟ್ ಆಫ್ ಸ್ಟೇಷನ್ ಥರದ ಭಾರತೀಯ ಇಂಗ್ಲಿಷ್ ಮಾತುಗಳು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ, ಹುಡುಕಿ ತೆಗೆಯಿರಿ. ಕ್ರಿಕೆಟ್ಟಿನ ಗದ್ಯಭಾಗ ಅಂತೂ ಬೇಡವೇ ಬೇಡ. ಓವರ್, ವಿಕೆಟ್ ಗೊತ್ತಿಲ್ಲದ ಮಗು ಇಂಗ್ಲಿಷ್ ಎಷ್ಟೇ ಬಂದರೂ ಮುಗ್ಗರಿಸುತ್ತದೆ.